ಹೊಳೆದಂಡೆಯ ಅಂಚೆ: ‘ಏನು ತಂದು ಹಾಕಲಿ?’ ಎಂದು ಕೇಳುವವರಿಗೆ

ಈ ತಿಂಗಳು ಬಂದ ಪತ್ರಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿಕೊಂಡು ಓದಿದೆ. ಹೆಚ್ಚಿನವುಗಳಲ್ಲಿ ಒಂದೇ ಕ್ರಿಯಾಪದ: ಹಾಕುವುದು. ಹೊಳೆಗೆ ಮೀನು ಹಾಕಬಹುದೇ, ಕೆರೆಗೆ ಕಲ್ಲು ಹಾಕಿಸಬಹುದೇ, ಮೊಸಳೆಗೆ ಬಲೆ ಹಾಕಿಸಬಹುದೇ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು, ಈಗ ತುಂಗಭದ್ರೆಯ ದಂಡೆಯಲ್ಲಿ ಕಾಲು ಚಾಚಿ ಕುಳಿತಿರುವ ನಾನು ಹೊಳೆಗೆ ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದರ ಪಾಡಿಗೆ ಅದನ್ನು ಬಿಡುವವರು ಕೈಬೆರಳಿಗೆ ಸಿಗುವಷ್ಟೇ. ಉತ್ತರಗಳು ಅಲ್ಲಲ್ಲಿ ಗಡುಸಾಗಿ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ತರಗತಿಯಲ್ಲಿ ಕೂಗಿ ಕೂಗಿ ಬಲಿತ ಗಂಟಲು.

ಅಕ್ಕಾವರೇ, ನಾವು ಮೂರು ತಲೆಮಾರಿನಿಂದ ಹೊಳೆಯಲ್ಲಿ ಮೀನು ಹಿಡಿಯುವವರು. ರಾತ್ರಿ ಕಟ್ಟಿದ ಬಲೆಯನ್ನು ಬೆಳಿಗ್ಗೆ ಎತ್ತಿದರೆ ನೀರುನಾಯಿ ಹರಿದುಹಾಕಿರುತ್ತದೆ. ಮೀನಿನ ತಲೆ ಮಾತ್ರ ನಮ್ಮ ಪಾಲು. ಒಂದು ತಿಂಗಳಲ್ಲಿ ಎರಡು ಬಲೆ ಹೋದವು. ನೀರುನಾಯಿಗೆ ಮೀಸಲು ಪ್ರದೇಶ ಮಾಡಿದ್ದಾರೆ, ನಮಗೆ ಏನು ಮಾಡಿದ್ದಾರೆ?
— ಮೀನುಗಾರರೊಬ್ಬರು, ಕಂಪ್ಲಿ

ಅಣ್ಣಾ, ನಿಮ್ಮ ಸಿಟ್ಟು ನನಗೆ ಹೊಸದಲ್ಲ. ನಾನು ಅಂಬಿಗರ ಮನೆಯ ಮಗಳು. ಹರಿದ ಬಲೆಯನ್ನು ಜಗಲಿಯ ಕಂಬಕ್ಕೆ ಕಟ್ಟಿ, ದಾರದ ತುದಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿಕೊಂಡು ಅಪ್ಪ ಗಂಟು ಹಾಕುತ್ತಿದ್ದಾಗ ಅವರ ಬಾಯಿಂದ ಬರುತ್ತಿದ್ದ ಮಾತುಗಳನ್ನು ಈ ಪತ್ರಿಕೆಯಲ್ಲಿ ಅಚ್ಚು ಮಾಡುವಂತಿಲ್ಲ. ತೂತು ನೋಡಿಯೇ ಅವರು ಕಳ್ಳನ ಹೆಸರು ಹೇಳುತ್ತಿದ್ದರು. ಅಂಗೈಯಗಲ ಹರಿದು ಅಂಚು ಜಗಿದಂತಿದ್ದರೆ ನೀರುನಾಯಿ, ಮಾರುದ್ದ ಸೀಳಿದ್ದರೆ ಮೊಸಳೆ. ಆದರೆ ಅದೇ ಅಪ್ಪ, ನೀರುನಾಯಿಯ ಹಿಂಡು ಕಂಡ ಕಡೆಗೇ ಮರುದಿನ ಹರಿಗೋಲು ತಿರುಗಿಸುತ್ತಿದ್ದರು. ‘ಅದು ಬಂದಿದೆ ಎಂದರೆ ಅಲ್ಲಿ ಮೀನಿದೆ ಎಂದೇ ಲೆಕ್ಕ’ ಎನ್ನುತ್ತಿದ್ದರು. ಬೈಯುವುದೂ ಅದನ್ನೇ, ನಂಬುವುದೂ ಅದನ್ನೇ.

ನಿಮ್ಮ ಪ್ರಶ್ನೆಯ ಎರಡನೆಯ ಭಾಗ ನ್ಯಾಯವಾದದ್ದು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ನೀರುನಾಯಿಗೆಂದೇ ದೇಶದಲ್ಲಿ ಆದ ಮೊದಲ ಮೀಸಲು ಇದು. ಆಗ ಪತ್ರಿಕೆಗಳಲ್ಲಿ ಬಂದದ್ದು ನೀರುನಾಯಿಯ ಚಿತ್ರ. ಹರಿಗೋಲಿನವರ ಚಿತ್ರ ಯಾರೂ ಹಾಕಲಿಲ್ಲ. ಆದರೆ ‘ಸಂರಕ್ಷಣಾ ಮೀಸಲು’ ಎಂಬುದು ರಾಷ್ಟ್ರೀಯ ಉದ್ಯಾನವಲ್ಲ. 1972ರ ವನ್ಯಜೀವಿ ಕಾನೂನಿಗೆ 2002ರಲ್ಲಿ ತಿದ್ದುಪಡಿ ತಂದು ಸೇರಿಸಿದ ಬಗೆ ಅದು. ಸರ್ಕಾರಿ ಜಾಗದಲ್ಲಿ, ಸುತ್ತಲಿನ ಜನರ ಜೊತೆ ಮಾತಾಡಿ ಮಾಡಬೇಕಾದದ್ದು. ಅದರ ನಿರ್ವಹಣಾ ಸಮಿತಿಯಲ್ಲಿ ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ ಇರಬೇಕೆಂದು ಕಾನೂನೇ ಹೇಳುತ್ತದೆ. ನಿಮ್ಮ ಪಂಚಾಯಿತಿಯಿಂದ ಯಾರು ಹೋಗುತ್ತಾರೆ, ಹೋದಾಗ ಏನು ಮಾತಾಡುತ್ತಾರೆ ಎಂದು ಕೇಳಿ. ಹರಿದ ಬಲೆಯ ಲೆಕ್ಕವನ್ನು ದಿನಾಂಕ ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದು ಅವರ ಕೈಯಲ್ಲಿ ಕಳಿಸಿ. ಬೈಗುಳಕ್ಕೆ ಕಡತ ಹುಟ್ಟುವುದಿಲ್ಲ, ಲೆಕ್ಕಕ್ಕೆ ಹುಟ್ಟುತ್ತದೆ.

ಈಗ ಬಲೆಯ ವಿಷಯ. ಒಂದು ಚಳಿಗಾಲದ ಬೆಳಿಗ್ಗೆ ಐದು ನೀರುನಾಯಿಗಳು ಬೇಟೆಯಾಡುವುದನ್ನು ನಾನು ಬಂಡೆಯ ಮರೆಯಿಂದ ನೋಡಿದೆ. ಅವು ಕಮಾನಿನಂತೆ ಹರಡಿಕೊಂಡು, ತಲೆ ಮುಳುಗಿಸುತ್ತ ಎತ್ತುತ್ತ, ಮೀನುಗಳನ್ನು ಆಳದಿಂದ ದಂಡೆಯ ಕಡೆಗೆ ಅಟ್ಟಿಕೊಂಡು ಬಂದವು. ನಿಮ್ಮ ಬಲೆ ಕಟ್ಟಿರುವುದೂ ಅದೇ ದಂಡೆಯಲ್ಲಿ. ಅವು ಕಳ್ಳತನಕ್ಕೆಂದು ಬರುವುದಿಲ್ಲ, ಅವುಗಳ ದಾರಿಯಲ್ಲಿ ನಾವು ಊಟದ ತಟ್ಟೆ ಇಟ್ಟಿರುತ್ತೇವೆ. ಹೊಳೆ ನಡುವಿನ ಚಪ್ಪಟೆ ಬಂಡೆಗಳ ಮೇಲೆ ಮೀನಿನ ಹುರುಪೆ ತುಂಬಿದ, ಮೂಗಿಗೆ ರಪ್ಪೆಂದು ಹೊಡೆಯುವ ಹಿಕ್ಕೆ ಇದ್ದರೆ ಅದು ಅವುಗಳ ನಿತ್ಯದ ಜಾಗ. ಅಲ್ಲಿಂದಲೂ ಜೊಂಡಿನ ಅಂಚಿನಿಂದಲೂ ಬಲೆಯನ್ನು ದೂರ ಕಟ್ಟಿ. ನಸುಕಿಗೂ ಮುಸ್ಸಂಜೆಗೂ ಅವುಗಳ ಓಡಾಟ ಜಾಸ್ತಿ. ಬಲೆಯನ್ನು ಇಡೀ ರಾತ್ರಿ ಬಿಟ್ಟು ಹೊತ್ತೇರಿದ ಮೇಲೆ ಬರುವ ಬದಲು ಬೆಳಕು ಹರಿಯುವ ಮುಂಚೆ ಎತ್ತಿದರೆ ಸ್ವಲ್ಪ ಉಳಿಯುತ್ತದೆ. ಪೂರಾ ಉಳಿಯುತ್ತದೆ ಎಂದು ಸುಳ್ಳು ಹೇಳಲಾರೆ.

ಇನ್ನೊಂದು ಮಾತು, ಇದಕ್ಕೆ ನೀವು ಸಿಟ್ಟಾದರೂ ಸರಿ. ಹೊಳೆಯಲ್ಲಿ ಮೀನು ಕಡಿಮೆಯಾದದ್ದು ನೀರುನಾಯಿಯಿಂದ ಎನ್ನುವವರು ರಾತ್ರಿ ಹೊತ್ತು ಮಡುವಿಗೆ ಸಿಡಿಮದ್ದು ಎಸೆಯುವವರ ಹೆಸರನ್ನು ಯಾಕೆ ಹೇಳುವುದಿಲ್ಲ? ಕಲ್ಲುಕ್ವಾರಿಯಿಂದ ತಂದ ಒಂದು ತೋಟೆ ಸಿಡಿದರೆ ಮಡುವಿನ ದೊಡ್ಡ ಮೀನು, ಮರಿ ಮೀನು, ಮೊಟ್ಟೆ ಎಲ್ಲ ಒಟ್ಟಿಗೆ ಹೋಗುತ್ತವೆ. ತೇಲಿದ್ದನ್ನು ಎತ್ತಿಕೊಳ್ಳುತ್ತಾರೆ. ಮುಳುಗಿದ್ದು ಅಲ್ಲೇ ಕೊಳೆಯುತ್ತದೆ. ನೀರುನಾಯಿ ಹಸಿದಷ್ಟು ತಿಂದು ಹೋಗುತ್ತದೆ. ಅದಕ್ಕೆ ವಿಷ ಇಡುವ ಯೋಚನೆಯನ್ನು ನಿಮ್ಮವರು ಯಾರಾದರೂ ಮಾಡುತ್ತಿದ್ದರೆ ಎರಡು ಕಾರಣಕ್ಕೆ ತಡೆಯಿರಿ. ಕೊಂದರೆ ಜೈಲು, ಇದು ಮೊದಲನೆಯದು. ವಿಷ ತಿಂದ ಮೀನನ್ನು ನಿಮ್ಮ ಮನೆಯವರೂ ಸಾರು ಮಾಡಬಹುದು, ಇದು ಎರಡನೆಯದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ಹತ್ತೊಂಬತ್ತನೇ ಗೇಟು ಕೊಚ್ಚಿಹೋದದ್ದು ನಿಮಗೂ ನೆನಪಿರಬೇಕು. ಎಲ್ಲರೂ ಎರಡನೇ ಬೆಳೆಯ ನೀರು ಹೋಯಿತೆಂದು ಎದೆ ಬಡಿದುಕೊಳ್ಳುತ್ತಿದ್ದರು. ನನಗೆ ಹಿಕ್ಕೆಯ ಬಂಡೆಗಳು ಮುಳುಗಿದ ಚಿಂತೆ. ನೀರಿಳಿದ ಮೇಲೆ ದಿನಾ ಹೋಗಿ ನೋಡುತ್ತಿದ್ದೆ. ಮೊದಲು ಹಸಿ ಹಿಕ್ಕೆ ಕಂಡು ಬಂದು ನನಗೆ ಹೇಳಿದವರು ನಿಮ್ಮಂಥ ಹರಿಗೋಲಿನ ಹುಡುಗರೇ. ನಗುತ್ತಲೇ ಬೈದರು: ‘ನಿಮ್ಮ ನಾಯಿಗಳು ವಾಪಸು ಬಂದಿವೆ, ಬಲೆ ಹೊಲಿಯಲು ಬನ್ನಿ.’

ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಹೆಬ್ಬಾತುಗಳು ಬರುತ್ತವೆಂದು ಓದಿದೆ. ಕುಟುಂಬ ಸಮೇತ ಹೋಗಿದ್ದೆವು. ಒಂದೂ ಕಾಣಲಿಲ್ಲ.
— ಓದುಗರು, ಬೆಂಗಳೂರು

ನೀವು ಹೋದದ್ದು ಯಾವ ಮಾಗಡಿಗೆ? ಕೆಂಪೇಗೌಡರ ಮಾಗಡಿಗೆ ಹೋಗಿದ್ದರೆ ಹೆಬ್ಬಾತಿನ ತಪ್ಪೇನೂ ಇಲ್ಲ. ಪಟ್ಟೆತಲೆ ಹೆಬ್ಬಾತು ಇಳಿಯುವುದು ಗದಗ ಜಿಲ್ಲೆಯ ಮಾಗಡಿ ಕೆರೆಗೆ. ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು. ಡಿಸೆಂಬರ್, ಜನವರಿಯಲ್ಲಿ ಹೋಗಿ. ಹೊಲದಲ್ಲಿ ಮೇಯಲು ಹೋದ ಹಿಂಡು ಕೆರೆಗೆ ಮರಳಿ ಇಳಿಯುವ ಹೊತ್ತಿಗೆ ಏರಿಯ ಮೇಲಿರಬೇಕೆಂದರೆ ರಾತ್ರಿಯೇ ಗದಗದಲ್ಲಿ ತಂಗಿರಬೇಕು. ಡ್ರೋನ್ ಹಾರಿಸಬೇಡಿ. ಸಾವಿರಾರು ಮೈಲಿ ಹಾರಿ ಬಂದು ಕುಳಿತವನ್ನು ಮತ್ತೆ ಎಬ್ಬಿಸುವ ಆ ಯಂತ್ರವನ್ನು ಕಂಡರೆ ನನಗೆ ಕವಣೆ ಕಲ್ಲಿನ ನೆನಪಾಗುತ್ತದೆ.

ಮಗಳ ಅಕ್ವೇರಿಯಂನಲ್ಲಿ ಗಾಜು ನೆಕ್ಕುವ ಕಪ್ಪು ಮೀನೊಂದು ಗೇಣುದ್ದ ಬೆಳೆದಿದೆ. ಜೊತೆಗೆ ಒಂದು ಪುಟ್ಟ ಆಮೆಯೂ ಇದೆ, ಅದೀಗ ತಟ್ಟೆಯಷ್ಟಾಗಿದೆ. ಅವುಗಳನ್ನು ಕೆರೆಗೋ ಹೊಳೆಗೋ ಬಿಟ್ಟರೆ ಪುಣ್ಯ ಎಂದು ಅತ್ತೆಯವರು ಹೇಳುತ್ತಾರೆ. ಯಾವುದು ಒಳ್ಳೆಯದು, ಕೆರೆಯೋ ಹೊಳೆಯೋ?
— ಗೃಹಿಣಿ, ದಾವಣಗೆರೆ

ಎರಡೂ ಬೇಡ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಅವರ ಮನಸ್ಸು ದೊಡ್ಡದು. ಆದರೆ ಈ ಪುಣ್ಯದ ಸಾಲವನ್ನು ಕೆರೆ ತೀರಿಸಬೇಕಾಗುತ್ತದೆ.

ಅಂಗಡಿಯವರು ‘ಟ್ಯಾಂಕ್ ಕ್ಲೀನರ್’ ಎಂದು ಮಾರುವ ಆ ಮೀನು ದಕ್ಷಿಣ ಅಮೆರಿಕದ್ದು. ಮೈಯೆಲ್ಲ ಕವಚ, ರೆಕ್ಕೆಯಲ್ಲಿ ಮುಳ್ಳು. ನಮ್ಮ ಮೀನು ತಿನ್ನುವ ಹಕ್ಕಿಗಳು ಅದನ್ನು ನುಂಗಲು ಹೋದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೊಟ್ಟೆಯಿಡಲು ಕೆರೆಯ ದಂಡೆಯಲ್ಲಿ ಬಿಲ ತೋಡುತ್ತದೆ. ಕೊಳಕು ನೀರಿನಲ್ಲಿ ಬೇರೆ ಮೀನು ಸತ್ತರೂ ಅದು ಮೇಲೆ ಬಂದು ಗಾಳಿ ಗುಟುಕರಿಸಿ ಬದುಕುತ್ತದೆ. ಆಮೆಯ ಕಣ್ಣಿನ ಹಿಂದೆ ಕೆಂಪು ಪಟ್ಟೆ ಇದೆಯೇ ನೋಡಿ. ಇದ್ದರೆ ಅದು ಉತ್ತರ ಅಮೆರಿಕದ ಆಮೆ. ಕೊಳ್ಳುವಾಗ ರೂಪಾಯಿ ನಾಣ್ಯದಷ್ಟಿದ್ದು, ಇಪ್ಪತ್ತು ಮೂವತ್ತು ವರ್ಷ ಬದುಕುವ ಪ್ರಾಣಿ. ಕೆರೆಗೆ ಬಿಟ್ಟರೆ ನಮ್ಮ ಆಮೆಗಳು ಬಿಸಿಲು ಕಾಯುವ ಕಲ್ಲನ್ನೇ ಹಿಡಿದುಕೊಂಡು ಕೂರುತ್ತದೆ. ಪಟ್ಟೆ ಇಲ್ಲದಿದ್ದರೆ ಇನ್ನೂ ಜಾಗ್ರತೆ. ನಮ್ಮ ಹೊಳೆಯದೇ ಆಮೆ ಆಗಿದ್ದರೆ ಅದನ್ನು ಮನೆಯಲ್ಲಿ ಇಡುವುದೇ ಅಪರಾಧ. ಸಮೀಪದ ಅರಣ್ಯ ಕಚೇರಿಯವರಿಗೆ ತೋರಿಸಿ. ಮೀನನ್ನು ಕೊಂಡ ಅಂಗಡಿಗೇ ಹಿಂದಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ.

‘ಒಂದು ಮೀನಿನಿಂದ ಏನಾಗುತ್ತದೆ?’ ಎಂದು ಮಗಳು ಕೇಳಬಹುದು. ಆಫ್ರಿಕನ್ ಕ್ಯಾಟ್‌ಫಿಶ್ ಕತೆ ಹೇಳಿ. ಅದನ್ನು ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿತು. ಆಮೇಲೂ ಕದ್ದು ಸಾಕಿದರು. ಮಳೆಗಾಲದಲ್ಲಿ ಹೊಂಡ ತುಂಬಿ ಹರಿದಾಗ ಅದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ದಾಟಿತು. ಮೀನು, ಕಪ್ಪೆ, ಹುಳ, ಸಿಕ್ಕಿದ್ದೆಲ್ಲ ಅದಕ್ಕೆ ಊಟ.

ಇನ್ನು ತಿಳಿದವರೇ ಹಾಕಿ ಎಡವಿದ ಕತೆ ಕಾವೇರಿಯಲ್ಲಿದೆ. ಅಲ್ಲಿ ಹಿಂದೆ ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರ್ ಎಂಬ ದೊಡ್ಡ ಮೀನು ಇತ್ತು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಗಾಳದಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತ್ತು. ನಮ್ಮ ಲೆಕ್ಕದಲ್ಲಿ 54 ಕಿಲೋ, ಒಂದು ಮೂಟೆ ಅಕ್ಕಿಗಿಂತ ಭಾರ. ಅಣೆಕಟ್ಟೆ, ಸಿಡಿಮದ್ದುಗಳಿಂದ ಮಹಶೀರ್ ಕಡಿಮೆಯಾಗುತ್ತಿದೆ ಎಂದು ಮರುಗಿ, ಲೋನಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಇನ್ನೊಂದು ಜಾತಿಯ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಅದೂ ಮಹಶೀರ್ ಅಲ್ಲವೇ ಎಂಬುದು ಅವರ ಎಣಿಕೆ. ನೀಲಿ ರೆಕ್ಕೆಯ ಆ ನೆಂಟರು ಹೊಳೆ ತುಂಬಿದರು, ಕಿತ್ತಳೆ ರೆಕ್ಕೆಯ ಮನೆಯವರು ಮೂಲೆ ಸೇರಿದರು. ವರ್ಷವರ್ಷವೂ ಗಾಳದವರು ಬರೆದಿಟ್ಟ ಪುಸ್ತಕಗಳಲ್ಲಿ ಈ ಅದಲುಬದಲು ಕಾಣುತ್ತದೆ. ಉಬ್ಬು ಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ, ಅಳಿವಿನ ತೀರಾ ಅಂಚಿನಲ್ಲಿದೆ ಎಂಬ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ನಾಮಕರಣದ ದಿನವೇ ತೀವ್ರ ನಿಗಾ ಘಟಕಕ್ಕೆ ಹೋದ ಹಾಗೆ.

ಅತ್ತೆಯವರಿಗೆ ಪುಣ್ಯವೇ ಬೇಕೆಂದರೆ ಶೃಂಗೇರಿಗೋ ಶಿಶಿಲಕ್ಕೋ ರಾಮನಾಥಪುರಕ್ಕೋ ಕರೆದುಕೊಂಡು ಹೋಗಿ. ಅಲ್ಲಿ ಹೊಳೆಯ ಮೀನನ್ನು ದೇವರದ್ದೆಂದು ಜನ ಮುಟ್ಟುವುದಿಲ್ಲ. ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರಿನವರು ಅವುಗಳಿಗೆ ಸ್ಮಾರಕ ಕಟ್ಟಿದರು. ಹಾಗೆ ಹೊಳೆಯ ಒಂದು ಮಡುವನ್ನು ಮುಟ್ಟದೆ ಬಿಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ನಮ್ಮೂರ ಮಡುವಿನಲ್ಲಿ ಮೊಸಳೆ ಬಂದು ಸೇರಿದೆ. ಹಿಡಿಸಿ ಬೇರೆ ಕಡೆ ಬಿಡಿಸಲು ಯಾರಿಗೆ ಅರ್ಜಿ ಹಾಕಬೇಕು?
— ರೈತರು, ಕೃಷ್ಣಾ ದಂಡೆ, ದೇವದುರ್ಗ ತಾಲೂಕು

ಅಣ್ಣಾ, ‘ಬಂದು ಸೇರಿದೆ’ ಎಂದಿದ್ದೀರಿ. ಕೃಷ್ಣೆಯಲ್ಲಿ ಮೊಸಳೆ ನಮಗಿಂತ ಹಳೆಯ ವಾಸಿ. ಪಂಪ್‌ಸೆಟ್ ಪೈಪಿನ ಜೊತೆ ಬಂದವರು ನಾವು. ಆದರೂ ಹೆದರಿಕೆಯನ್ನು ಹಗುರ ಮಾಡಲಾರೆ. ಎಮ್ಮೆ ತೊಳೆಯುವ ಮಕ್ಕಳಿರುವ ಊರು ನಿಮ್ಮದು.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಣ್ಣು ಮೊಸಳೆ ದಂಡೆಯ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಕಾಯುತ್ತದೆ. ಮಳೆ ಹಿಡಿಯುವ ಮುನ್ನ ಮರಿ ಹೊರಬರುತ್ತವೆ. ಆ ತಿಂಗಳುಗಳಲ್ಲಿ ಆ ಮರಳಿನ ಕಡೆ ಹೋಗಬೇಡಿ, ದನವನ್ನೂ ಬಿಡಬೇಡಿ. ಬಟ್ಟೆ ಒಗೆಯುವುದು, ಮೈ ತೊಳೆಯುವುದು ನೀರು ತಿಳಿಯಾಗಿರುವ, ತಳ ಕಾಣುವ ಕಡೆ ಇರಲಿ, ಒಬ್ಬೊಬ್ಬರೇ ಬೇಡ, ಕತ್ತಲಾದ ಮೇಲೆ ಬೇಡವೇ ಬೇಡ. ಕೋಳಿ ಅಂಗಡಿಯ ಕರುಳು, ಪುಕ್ಕವನ್ನು ಮಡುವಿಗೆ ಸುರಿಯುವುದನ್ನು ಇಂದೇ ನಿಲ್ಲಿಸಿ. ಸ್ನಾನಘಟ್ಟದ ಪಕ್ಕ ದಿನಾ ಬಾಡೂಟ ಬಡಿಸಿ, ಮೊಸಳೆ ಬಂದಿತೆಂದು ದೂರಿದರೆ ಹೇಗೆ? ಅದು ಊರೊಳಗೆ, ಬಾವಿಯೊಳಗೆ, ಕಾಲುವೆಯೊಳಗೆ ಸಿಕ್ಕಿಕೊಂಡಿದ್ದರೆ ಮಾತ್ರ ಅರಣ್ಯ ಇಲಾಖೆಯನ್ನು ಕರೆಯಿರಿ. ಹೊಳೆಯಲ್ಲಿದ್ದದ್ದನ್ನು ಹಿಡಿಸಿದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಇನ್ನೊಂದು ಬರುತ್ತದೆ, ಅದರ ಗುಣ ನಿಮಗೆ ಗೊತ್ತಿರುವುದಿಲ್ಲ.

ನಮ್ಮ ಪಂಚಾಯಿತಿಯ ಕೆರೆಗೆ ಅಭಿವೃದ್ಧಿ ಹಣ ಬಂದಿದೆ. ಹೂಳು ತೆಗೆದು ತಟ್ಟೆಯಂತೆ ಒಂದೇ ಸಮ ಮಾಡಿಸಿ, ಜೊಂಡು ಕೀಳಿಸಿ, ಸುತ್ತ ಕಲ್ಲು ಕಟ್ಟಿಸಿ, ನಡೆದಾಡುವ ಹಾದಿ, ದೀಪ, ನಡುವೆ ದ್ವೀಪ, ಸೊಳ್ಳೆಗೆ ಗ್ಯಾಂಬೂಸಿಯಾ ಮೀನು ಎಂದು ಯೋಜನೆ ಇದೆ. ಪಕ್ಷಿಗಳಿಗೆ ಅನುಕೂಲವಾಗಲು ಇನ್ನೇನು ಹಾಕಿಸಬೇಕು ಮೇಡಂ?
— ಗ್ರಾಮ ಪಂಚಾಯಿತಿ ಸದಸ್ಯರು, ಹಾವೇರಿ ಜಿಲ್ಲೆ

ಕೇಳಿದ್ದಕ್ಕೆ ಮೊದಲು ಥ್ಯಾಂಕ್ಸ್. ಎಷ್ಟೋ ಜನ ಕಲ್ಲು ಕಟ್ಟಿಸಿದ ಮೇಲೆ ‘ಹಕ್ಕಿ ಯಾಕೆ ಬರುತ್ತಿಲ್ಲ’ ಎಂದು ಬರೆಯುತ್ತಾರೆ.

ನಿಮ್ಮ ಪಟ್ಟಿಯನ್ನು ಪೆನ್ಸಿಲ್ ಹಿಡಿದು ಓದಿದೆ. ಒಂದು ಸಂಜೆ ನೀವೇ ಹೋಗಿ ಕೆರೆಯ ಅಂಗಳದ ಕಡೆ, ಅಂದರೆ ಏರಿಗೆ ಎದುರು ಬದಿಯಲ್ಲಿ ನಿಂತು ನೋಡಿ. ಏರಿಯ ಬುಡದಲ್ಲಿ ಆಳ, ಅಲ್ಲಿ ನೀರುಕಾಗೆ ಮುಳುಗೇಳುತ್ತಿರುತ್ತದೆ. ಸ್ವಲ್ಪ ಇತ್ತ ಬಂದರೆ ಮೊಳಕಾಲುದ್ದ ನೀರು, ಅಲ್ಲಿ ಬಣ್ಣದ ಕೊಕ್ಕರೆ. ಇನ್ನೂ ಇತ್ತ ಗೇಣುದ್ದ ನೀರು, ಅಲ್ಲಿ ಬೆಳ್ಳಕ್ಕಿ. ಕೊನೆಗೆ ಕೆಸರು, ಹಸಿ ಮಣ್ಣು. ಉತ್ತರದಿಂದ ಬರುವ ಗುಬ್ಬಚ್ಚಿ ಗಾತ್ರದ ಪುಟ್ಟ ಹಕ್ಕಿಗಳು ಸೂಜಿಯಂಥ ಕೊಕ್ಕಿನಲ್ಲಿ ಅಲ್ಲೇ ಹುಳ ಹೆಕ್ಕುತ್ತವೆ. ಕಾಲಿನ ಉದ್ದಕ್ಕೆ ತಕ್ಕ ಆಳ. ಜೆಸಿಬಿ ತಂದು ಎಲ್ಲ ಕಡೆ ಒಂದೇ ಸಮ ಆರಡಿ ತೋಡಿಸಿದರೆ ನೀರುಕಾಗೆಯನ್ನು ಬಿಟ್ಟು ಉಳಿದವರೆಲ್ಲ ನಿಲ್ಲುವುದೆಲ್ಲಿ? ಹೂಳು ತೆಗೆಸಿ, ಬೇಡವೆನ್ನಲು ನಾನು ಯಾರು, ರೈತರ ಹೊಲಕ್ಕೆ ಅದು ಬಂಗಾರ. ಏರಿಯ ಕಡೆಯಿಂದ ತೆಗೆಸಿ. ಹಳ್ಳ ಬಂದು ಸೇರುವ ಬದಿಯ ಇಳಿಜಾರನ್ನು ಹಾಗೇ ಬಿಡಿ.

ಜೊಂಡು ನಿಮ್ಮ ಕಣ್ಣಿಗೆ ಕಸ. ನೇರಳೆ ಜಂಬುಕೋಳಿಗೆ ಅದು ಮನೆ, ಗುಳುಮುಳುಕನಿಗೆ ಹೆರಿಗೆ ಕೋಣೆ, ಊರಿನ ಚರಂಡಿ ನೀರಿಗೆ ಜರಡಿ. ನೀರಿನ ಮೇಲೆ ತೇಲುತ್ತ ಊದಾ ಹೂ ಬಿಡುವ ಹೊರದೇಶದ ಕಳೆ ಇದ್ದರೆ ಅದನ್ನು ಬೇರು ಸಮೇತ ಎತ್ತಿಸಿ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ಆದರೆ ಚರಂಡಿಯನ್ನು ಕೆರೆಗೆ ಬಿಟ್ಟುಕೊಂಡೇ ಕಳೆ ಕೀಳಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಬರುವ ವರ್ಷ ಅದೇ ಟೆಂಡರನ್ನು ಮತ್ತೆ ಕರೆಯಬೇಕು. (ಟೆಂಡರು ಹಿಡಿಯುವವರಿಗೆ ಬೇಸರವೇನೂ ಇಲ್ಲ.)

ಗ್ಯಾಂಬೂಸಿಯಾ ಅಮೆರಿಕದ ಮೀನು. ಸೊಳ್ಳೆ ಮರಿಯನ್ನು ತಿನ್ನುತ್ತದೆ, ನಿಜ. ಕಪ್ಪೆಯ ಮೊಟ್ಟೆ, ಗೊದಮೊಟ್ಟೆ, ನಮ್ಮ ಚಿಕ್ಕ ಮೀನುಗಳ ಮರಿಯನ್ನೂ ತಿನ್ನುತ್ತದೆ. ಕಪ್ಪೆಗಳೂ ಆ ಚಿಕ್ಕ ಮೀನುಗಳೂ ಸಂಬಳವಿಲ್ಲದೆ ಸೊಳ್ಳೆ ಹಿಡಿಯುತ್ತಿದ್ದವು ಎಂಬುದನ್ನು ಮರೆತರೆ ಹೇಗೆ?

ದ್ವೀಪದ ಹಣದಲ್ಲಿ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರಕ್ಕೆ ಇಡೀ ಪಂಚಾಯಿತಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಅದೂ ಹಳ್ಳಿಯ ಕೆರೆಯೇ, ನೀರಾವರಿಗೆಂದು ಕಟ್ಟಿದ್ದು. ನೀರಿನಲ್ಲೇ ನಿಂತ ಕರಿಜಾಲಿ ಮರಗಳ ಮೇಲೆ ಕೊಕ್ಕರೆಗಳು, ನೀರುಕಾಗೆಗಳು ಗೂಡು ಕಟ್ಟುತ್ತವೆ. ಅಂಥ ಮರವನ್ನು ನಿಮ್ಮ ಎಂಜಿನಿಯರು ಕಂಡರೆ ಮೊದಲು ಕಡಿಸುತ್ತಾರೆ. ಮಾಗಡಿ ಕೆರೆಯ ಜೊತೆಗೇ 2024ರಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿತು. ಇದರಲ್ಲಿ ಒಂದು ತಮಾಷೆಯಿದೆ. ಕೇಂದ್ರದ 2017ರ ಜೌಗುಭೂಮಿ ನಿಯಮಗಳು ನೀರಾವರಿಗೆಂದೇ ಮನುಷ್ಯರು ಕಟ್ಟಿದ ಕೆರೆಗಳನ್ನೂ ನದಿಯ ಪಾತ್ರವನ್ನೂ ‘ಜೌಗುಭೂಮಿ’ ಎಂಬ ಅರ್ಥದಿಂದ ಹೊರಗಿಟ್ಟಿವೆ. ಹಾಗೆ ನೋಡಿದರೆ ನಮ್ಮ ನಾಡಿನ ಬಹುಪಾಲು ಕೆರೆಗಳು ಕಾಗದದಲ್ಲಿ ಜೌಗೇ ಅಲ್ಲ. ಹಕ್ಕಿಗಳು ಆ ನಿಯಮ ಓದಿಲ್ಲ. ಹೀಗಾಗಿ ನಿಮ್ಮ ಕೆರೆಯನ್ನು ಕಾಯಲು ದಿಲ್ಲಿಯಿಂದ ಯಾರೋ ಬರುತ್ತಾರೆಂದು ಕೂರಬೇಡಿ. ನಿಮ್ಮ ಗ್ರಾಮಸಭೆಯ ಒಂದು ನಿರ್ಣಯ ಅದಕ್ಕಿಂತ ಹತ್ತಿರದ್ದು.

ನಡೆದಾಡುವ ಹಾದಿಯನ್ನು ಏರಿಯ ಮೇಲೆ ಮಾತ್ರ ಮಾಡಿಸಿ. ದೀಪ ಬೇಕೇ ಬೇಕೆಂದರೆ ಊರ ಕಡೆ. ಉಳಿದ ಹಣವನ್ನು ಚರಂಡಿ ತಿರುಗಿಸಲು ಬಳಸಿ. ಫಲಕದಲ್ಲಿ ಹೆಸರು ಬರೆಸಲು ಚರಂಡಿ ಅಷ್ಟು ಚೆನ್ನಾಗಿರುವುದಿಲ್ಲ, ಗೊತ್ತು.

ಕಳೆದ ಸಂಚಿಕೆಯಲ್ಲಿ ಮಂಡಗದ್ದೆ ಪಕ್ಷಿಧಾಮ ಭದ್ರಾ ನದಿಯಲ್ಲಿದೆ ಎಂದು ಬರೆದಿದ್ದೀರಿ. ಅದು ತುಂಗೆ. ಟೀಚರೇ ಹೀಗೆ ಬರೆದರೆ?
— ನಿವೃತ್ತ ಅಂಚೆಯಣ್ಣ, ತೀರ್ಥಹಳ್ಳಿ

ತಪ್ಪು ನನ್ನದೇ, ಮಂಡಗದ್ದೆ ತುಂಗೆಯ ನಡುಗಡ್ಡೆ. ನಮ್ಮ ಊರಿಗೆ ಬರುವ ಹೊತ್ತಿಗೆ ಇಬ್ಬರೂ ಸೇರಿ ಒಂದಾಗಿರುತ್ತಾರಲ್ಲ, ಮೇಲಿನ ಲೆಕ್ಕ ಕೆಳಗಿನವರಿಗೆ ತಪ್ಪುತ್ತದೆ. ಅಂಚೆಯಣ್ಣನವರ ಕೈಯಿಂದ ವಿಳಾಸ ತಿದ್ದಿಸಿಕೊಂಡದ್ದು ಸಂತೋಷವೇ.

ನಾನು ಒಂಬತ್ತನೇ ತರಗತಿ. ಹೊಳೆ ಇಳಿದಿದೆ. ಮರಳಿನ ಮೇಲೆ ನಾಲ್ಕು ಮೊಟ್ಟೆ ಕಂಡೆ. ಗೂಡಿಲ್ಲ, ಸುಮ್ಮನೆ ನೆಲದ ಮೇಲಿವೆ. ಮಣ್ಣಿನ ಬಣ್ಣ, ಕಪ್ಪು ಚುಕ್ಕೆ. ಹತ್ತಿರ ಹೋದರೆ ಒಂದು ಹಕ್ಕಿ ಕಿರುಚುತ್ತ ತಲೆಯ ಮೇಲೆ ಎರಗಿತು. ಸ್ವಲ್ಪ ದೂರದಲ್ಲಿ ಟ್ರಾಕ್ಟರ್‌ನವರು ಮರಳು ತುಂಬುತ್ತಾರೆ. ಮೊಟ್ಟೆಗಳನ್ನು ಮನೆಗೆ ತಂದು ಬಲ್ಬಿನ ಕೆಳಗೆ ಇಟ್ಟು ಮರಿ ಮಾಡಿಸಲೇ ಮಿಸ್?
— ವಿದ್ಯಾರ್ಥಿನಿ, ಹೊನ್ನಾಳಿ

ಮಗಳೇ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊಟ್ಟೆಗಳ ಚೂಪು ತುದಿಗಳು ಒಂದಕ್ಕೊಂದು ಮುಖ ಮಾಡಿ, ನಾಲ್ಕು ಎಸಳಿನ ಹೂವಿನಂತೆ ಇದ್ದವೇ? ಹಕ್ಕಿಯ ಕಣ್ಣಿನ ಮುಂದೆ ಕೆಂಪು ಚರ್ಮದ ತುಣುಕು, ಹಳದಿ ಕಾಲು ಇತ್ತೇ? ಹಾಗಿದ್ದರೆ ಅದು ಟಿಟ್ಟಿಭ. ಮೊಟ್ಟೆ ಕದ್ದ ಸಮುದ್ರದ ಮೇಲೇ ಜಗಳಕ್ಕೆ ಹೋದ ಹಕ್ಕಿಯ ಕತೆಯನ್ನು ನಿನ್ನ ಅಜ್ಜಿಯನ್ನು ಕೇಳು. ನಿನ್ನ ತಲೆಯ ಮೇಲೆ ಎರಗಿದ್ದು ಅದೇ ವಂಶದ್ದು.

ತರಬೇಡ. ತಾಯಿ ಬಿಟ್ಟುಹೋಗಿಲ್ಲ, ನೀನು ಹೋಗಲಿ ಎಂದು ಕಾಯುತ್ತಿದೆ. ಬಲ್ಬು ಬಿಸಿ ಕೊಡುತ್ತದೆ, ಆದರೆ ಮಾರ್ಚ್ ತಿಂಗಳ ಮರಳಿನಲ್ಲಿ ಮೊಟ್ಟೆಗೆ ಬೇಕಾದದ್ದು ತಂಪು. ಒಮ್ಮೆ ಮಧ್ಯಾಹ್ನ ಹೊಂಗೆ ಮರದ ಕೆಳಗೆ ಕುಳಿತು ನಾನು ನೋಡಿದ್ದೇನೆ. ಟಿಟ್ಟಿಭ ಎದ್ದು ನೀರಿನ ಅಂಚಿಗೆ ಓಡಿತು, ಹೊಟ್ಟೆಯನ್ನು ನೀರಿಗೆ ಒತ್ತಿ ಅಲುಗಾಡಿಸಿತು, ತೊಟ್ಟಿಕ್ಕುವ ಪುಕ್ಕದಲ್ಲೇ ಓಡಿ ಬಂದು ಮೊಟ್ಟೆಗಳ ಮೇಲೆ ಕುಳಿತಿತು. ಮರಳಿನ ಮೇಲೆ ಅದರ ದಾರಿಗುಂಟ ಒದ್ದೆ ಚುಕ್ಕೆಗಳು ಬಿದ್ದು, ನಾನು ನೋಡುತ್ತಿದ್ದಂತೆಯೇ ಆರಿದವು. ಹೀಗೆ ಎಷ್ಟು ಸಲ ಹೋಗಿಬಂತೋ. ಮನೆಯಲ್ಲಿ ಇದನ್ನು ಯಾರು ಮಾಡುತ್ತಾರೆ?

ಹೊಳೆಯ ಮರಳು, ಬಂಡೆಗಳ ಮೇಲೆ ಹೀಗೆ ಗೂಡಿಲ್ಲದೆ ಮೊಟ್ಟೆ ಇಡುವ ಹಕ್ಕಿಗಳು ಇನ್ನೂ ಇವೆ. ಕವಲು ಬಾಲದ ಹೊಳೆರೀವ ಅವುಗಳಲ್ಲಿ ಒಂದು. ಭದ್ರಾ ಜಲಾಶಯದ ನೀರಿಳಿದು ನಡುಗಡ್ಡೆಗಳು ಮೇಲೆದ್ದಾಗ ಅವು ನೂರುಗಟ್ಟಲೆ ಸೇರಿ ಮರಿ ಮಾಡುತ್ತವೆ. ಬೇಸಿಗೆಯ ಮರಳು ನಮಗೆ ಬೀಳು ಜಾಗ, ಟ್ರಾಕ್ಟರಿನವರಿಗೆ ಹಣ, ಅವುಗಳಿಗೆ ಬಾಣಂತಿ ಮನೆ. ಆ ಟ್ರಾಕ್ಟರಿನವರ ಹತ್ತಿರ ನೀನು ಒಬ್ಬಳೇ ಹೋಗಿ ವಾದ ಮಾಡಬೇಡ, ಇದು ನನ್ನ ಕಟ್ಟಾಜ್ಞೆ. ನಿನ್ನ ವಿಜ್ಞಾನ ಶಿಕ್ಷಕರಿಗೂ ಅಪ್ಪನಿಗೂ ತೋರಿಸು. ಅವರು ಪಂಚಾಯಿತಿಗೆ, ಅರಣ್ಯ ಇಲಾಖೆಯವರಿಗೆ ಹೇಳಲಿ. ಅಲ್ಲಿಯತನಕ ಮೊಟ್ಟೆಯ ಸುತ್ತ ಕಲ್ಲು ಜೋಡಿಸುವುದು, ಕೋಲು ನೆಟ್ಟು ಗುರುತು ಮಾಡುವುದು ಬೇಡ. ನಾಯಿಗೂ ಕಾಗೆಗೂ ಅದು ನೀನೇ ಕಳಿಸಿದ ಕರೆಯೋಲೆ. ದಂಡೆಯ ಮೇಲಿನ ಯಾವುದಾದರೂ ಮರವನ್ನು ಗುರುತು ಮಾಡಿಕೊಂಡು ಅಲ್ಲಿಂದಲೇ ನೋಡು. ದಿನಾ ಹೋಗಬೇಡ, ವಾರಕ್ಕೊಮ್ಮೆ ಸಾಕು.

ಮರಿ ಹೊರಬರಲು ಸುಮಾರು ಇಪ್ಪತ್ತೆಂಟು ದಿನ. ನೀನು ಕಂಡಾಗ ಎಷ್ಟು ದಿನ ಆಗಿತ್ತೋ ತಿಳಿಯದು. ಹುಟ್ಟಿದ ದಿನವೇ ಅವು ಓಡುತ್ತವೆ. ತಾಯಿ ಕಿರುಚಿದರೆ ಇದ್ದಲ್ಲೇ ಕುಕ್ಕರಿಸಿ ಕಲ್ಲಾಗುತ್ತವೆ, ಕಾಲ ಬಳಿಯಲ್ಲಿದ್ದರೂ ಕಾಣುವುದಿಲ್ಲ. ಒಂದು ವಾರ ನೀನು ಹೋದಾಗ ಹಕ್ಕಿ ಮೊಟ್ಟೆಯ ಜಾಗದಲ್ಲಿ ಕೂರದೆ, ಬೇರೆಲ್ಲೋ ನಿಂತು ಇನ್ನೂ ಜೋರಾಗಿ ಕಿರುಚುತ್ತಿದ್ದರೆ, ಅಲ್ಲೇ ನಿಲ್ಲು, ಒಂದು ಹೆಜ್ಜೆಯನ್ನೂ ಮುಂದಿಡಬೇಡ. ಬಂದ ದಾರಿಯಲ್ಲೇ ನೋಡಿಕೊಂಡು ಹಿಂದೆ ಸರಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆ.